ಹೆಸರಿಗೆ ಬೀಗ

ಬಾಡಿಗೆ ಆಫೀಸಿನ ಹೆಂಗಸು ಪರದೆಯತ್ತ ನೋಡಿ
ನನ್ನತ್ತ ನೋಡಿ, ಮತ್ತೆ ಪರದೆಯತ್ತಲೇ ನೋಡಿ
ಐನೂರ ಹನ್ನೊಂದು ಅಂದಳು,
ಜ್ವರ ಅಳೆದವರ ದನಿಯಲ್ಲಿ.
ನನಗಿನ್ನೂ ಹತ್ತೊಂಬತ್ತು.
ಈವರೆಗೆ ಸಾಲ ತಂದದ್ದು ಗೆಳತಿಯ ಕೋಟು, ಒಂದೇ ವಾರಕ್ಕೆ.
ಅದನ್ನೂ ಒಗೆದು ಮಡಿಸಿ ಕೊಟ್ಟಿದ್ದೆ.

ಆಕ್ರನ್ನಿನ ಗ್ರಂಥಾಲಯದಲ್ಲಿ ಮಂಗಳವಾರ ಸಂಜೆ
ಪುಕ್ಕಟೆ ಸಲಹೆ ಕೊಡುವವರು ಪೆಟ್ರೊಸ್ಕಿ.
ಟೈರ್ ಕಾರ್ಖಾನೆಯಲ್ಲಿ ಲೆಕ್ಕ ಬರೆದವರು.
ಕಾರ್ಖಾನೆ ಹೋಯಿತು, ಲೆಕ್ಕ ಉಳಿದಿದೆ.
ನನ್ನ ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟು,
ಗ್ಯಾಸ್ ಕಂಪನಿ, ಎಂಟುನೂರ ನಲವತ್ತು ಡಾಲರ್.
ಖಾತೆ ತೆರೆದ ವರ್ಷ ನೋಡು. ಆಗ ನಿನಗೆಷ್ಟು?

ಹದಿಮೂರು.
ನನ್ನ ಸಹಿ ಆಗಿನ್ನೂ ಹುಟ್ಟಿರಲಿಲ್ಲ.
ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾಲೀಮು ನಡೆದಿತ್ತು,
ಕಡೆಯ ಅಕ್ಷರಕ್ಕೆ ಬಾಲ ಇಡಬೇಕೋ ಬೇಡವೋ ಎಂದು.
ಕಂಪನಿ ಕಳಿಸಿದ ಅರ್ಜಿಯ ನಕಲಿನಲ್ಲಿ
ಬಾಲ ಇತ್ತು.

ಪೆಟ್ರೊಸ್ಕಿ ಮುಂದಿನದನ್ನೆಲ್ಲ ಹೇಳಿಕೊಟ್ಟರು.
ಠೇವಣಿ ಇಟ್ಟು ಪುಟ್ಟದೊಂದು ಕಾರ್ಡು ತಗೋ,
ಅದರಲ್ಲಿ ಪೆಟ್ರೋಲು ಮಾತ್ರ, ತಾರೀಖಿಗೆ ಮೊದಲೇ ಪೂರ್ತಿ ಕಟ್ಟು.
ಹಾಸಿಗೆ ಇದ್ದಷ್ಟು ಕಾಲು ಚಾಚುವ ಊರಲ್ಲ ಇದು.
ಮೂರರಲ್ಲೊಂದು ಪಾಲಿಗೇ ನಿಲ್ಲಿಸಿ
ಮಂಡಿ ಮಡಚಿ ಮಲಗಬೇಕು.
ಅದಕ್ಕೂ ಮೊದಲು ಈ ಗ್ಯಾಸಿನ ಕಲೆ ಹೋಗಬೇಕಲ್ಲ:
ಜನನಪತ್ರ, ಪೊಲೀಸ್ ದೂರು, ಈ ಅರ್ಜಿ.

ಅರ್ಜಿಯ ಎರಡನೇ ಹಾಳೆಯಲ್ಲಿ ಒಂದು ಪ್ರಶ್ನೆ:
ಇದನ್ನು ಮಾಡಿದವರು ಯಾರೆಂದು ನಿಮಗೆ ಗೊತ್ತೇ?
ಎರಡು ಚೌಕ. ಹೌದು. ಇಲ್ಲ.

ಆ ಜನವರಿ ನಲ್ಲಿಯೊಳಗೇ ನೀರು ಕಲ್ಲಾಗಿತ್ತು.
ಟೋಬಿಯಾಸ್‌ಗೆ ಮೂರು ವರ್ಷ, ಎದೆಯಲ್ಲಿ ಸೀಟಿ ಊದುವ ಕೆಮ್ಮು.
ಕೋಟು ಹಾಕಿಕೊಂಡೇ ಊಟ, ಕೋಟು ಹಾಕಿಕೊಂಡೇ ನಿದ್ದೆ.
ಅರ್ಲೀನ್ ಟಿಡ್ವೆಲ್ ಎಂಬ ಹೆಸರಿಗೆ
ಊರಲ್ಲಿ ಯಾರೂ ಬೆಂಕಿ ಕೊಡುತ್ತಿರಲಿಲ್ಲ.
ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ
ನೆಲದ ಜಾಲರಿಯಿಂದ ಬಿಸಿಗಾಳಿ, ಸುಟ್ಟ ಧೂಳಿನ ವಾಸನೆ.
ಕುಣಿದೆ. ಜಾಲರಿಯ ಮೇಲೆ ನೈಟಿ ಹರಡಿ ನಿಂತು
ಬಲೂನಾದೆ.
ಉರಿಯುತ್ತಿರುವುದು ಯಾರ ಹೆಸರೆಂದು ಕೇಳಲಿಲ್ಲ.

ಹೌದಿಗೂ ಇಲ್ಲಕ್ಕೂ ನಡುವೆ ಇನ್ನೊಂದು ಚೌಕವಿಲ್ಲ,
ನಾನೂ ಮೈ ಕಾಯಿಸಿಕೊಂಡೆ ಎನ್ನುವುದಕ್ಕೆ.

ಪೆನ್ನು ನಿಂತದ್ದು ಪೆಟ್ರೊಸ್ಕಿಗೆ ಕಂಡಿರಬೇಕು.
ಇಂಥ ಪೆನ್ನುಗಳನ್ನು ಅವರು ಮೊದಲೂ ನೋಡಿದ್ದಾರೆ.
ಕನ್ನಡಕ ಒರೆಸುತ್ತಾ, ಏಳು ವರ್ಷಕ್ಕೆ
ತಾನಾಗಿ ಉದುರುತ್ತದೆ ಅಂದರು. ಇನ್ನೊಂದು ಚಳಿಗಾಲ.

ಕ್ಷಮಿಸಿದೆ ಅಂತಲ್ಲ.
ಚಿಕ್ಕಮ್ಮನ ಸೋಫಾದ ಸ್ಪ್ರಿಂಗು
ರಾತ್ರಿಯಿಡೀ ಬೆನ್ನಿಗೆ ಲೆಕ್ಕ ಒಪ್ಪಿಸುತ್ತದೆ,
ಆಗೆಲ್ಲ ಅವಳನ್ನು ಬೈದಿದ್ದೇನೆ, ಹೆಸರು ಹಿಡಿದು.
ಆದರೂ ಚೌಕ ಖಾಲಿ ಬಿಟ್ಟೆ.
ಮೂರೂ ಕಂಪನಿಗೆ ಬರೆದು ನನ್ನ ಕಡತಕ್ಕೆ ಬೀಗ ಹಾಕಿಸಿದೆ.
ಇಲ್ಲಿ ಅದಕ್ಕೆ ಫ್ರೀಜ್ ಅನ್ನುತ್ತಾರೆ.
ಬಿಸಿಗಾಗಿ ಕಳೆದದ್ದನ್ನು
ಹಿಮದಲ್ಲಿಟ್ಟು ಕಾಯುವುದು.

ಭಾನುವಾರ ಮನೆಗೆ ಹೋದೆ, ಇನ್ನೂ ಮೂರು ಅರ್ಜಿ ಹಿಡಿದು.
ಟೋಬಿಯಾಸ್‌ಗೆ ಈಗ ಒಂಬತ್ತು.
ಮಗುವಿನ ಕಡತಕ್ಕೆ ಬೀಗ ಬೀಳಬೇಕಾದರೆ
ಅಕ್ಕನ ಸಹಿ ನಡೆಯುವುದಿಲ್ಲ, ತಾಯಿಯದೇ ಬೇಕು.
ಅಮ್ಮ ಓದಿದಳು. ಹಾಳೆ ತಿರುಗಿಸಿ ಮತ್ತೆ ಓದಿದಳು.
ಫ್ರಿಜ್ಜಿನ ಮೋಟಾರು ನಿಂತು, ಮನೆಯೆಲ್ಲ ಕೇಳಿಸತೊಡಗಿತು.
ಪೆನ್ನು ಕೊಡು, ಅಂದಳು.

ಮೂರು ಸಲ. ನಿಧಾನಕ್ಕೆ.
ಮೂರಕ್ಕೂ ಕೊನೆಯಲ್ಲಿ ಆ ಬಾಲ.

ಆಮೇಲೆ ಎದ್ದು ಹೋಗಿ, ನನ್ನನ್ನು ನೋಡದೆ,
ಗೋಡೆಯ ಗುಂಡಿಯನ್ನು ಎರಡು ಡಿಗ್ರಿ ಮೇಲಕ್ಕೆ ತಿರುಗಿಸಿ
ಚಳಿಯಲ್ಲವಾ, ಅಂದಳು.
ಜಾಲರಿಯಿಂದ ಧೂಳು ಸುಟ್ಟ ವಾಸನೆ ಎದ್ದಿತು.
ಕೋಟಿನ ಎರಡು ಗುಂಡಿ ಬಿಚ್ಚಿದೆ.