ಎಡಗಡೆಯ ಸೊನ್ನೆ

ಅರ್ಧ ಗಂಟೆಯ ಕೆಲಸ. ಹಾನ್ಸ್ಟ್‌ಹೋಲ್ಮ್ ಬಂದರಿನ ಶಾಲೆ.
ಜನವರಿ, ನಾಲ್ಕು ದಾಟುತ್ತಲೇ ಕತ್ತಲು.
ದುಂಡು ಮೇಜಿನ ಆಚೆ ಇಂಗೆಲೀಸ ಮೇಡಂ,
ಈಚೆ ಎಂಟನೆಯ ತರಗತಿಯ ಸೆನಾಯ್ತ್,
ಮೀನಿನ ಹರಾಜು ಮುಗಿಸಿ ನೇರ ಬಂದ ಅವಳಪ್ಪ ಓಕ್ಬಾಜ್ಗಿ.
ನಡುವೆ ನಾನು,
ಡೇನಿಷನ್ನು ತಿಗ್ರಿನ್ಯಕ್ಕೆ ಬಗ್ಗಿಸುವವಳು.

ಎಷ್ಟು ಉಜ್ಜಿದರೂ ಹೋಗದ ವಾಸನೆಗೆ ನಾಚಿ
ಕೈಗಳನ್ನು ಮೇಜಿನ ಕೆಳಗಿಟ್ಟಿದ್ದ.
ಅವನೂ ದಿನವಿಡೀ ದರ್ಜೆ ಹಾಕುವವನೇ.
ಕಾಡ್ ಮೀನಿಗೆ ಒಂದು ಎಂದರೆ ಎಲ್ಲಕ್ಕಿಂತ ದೊಡ್ಡದು,
ಐದು ಎಂದರೆ ಮರಿ.
ಕೈಯಲ್ಲೆತ್ತಿದರೆ ಸಾಕು, ತಕ್ಕಡಿ ಬೇಡ.

ಮೇಡಂ ಹಾಳೆ ತಿರುಗಿಸಿದರು.
ಮೈನಸ್ ಮೂರು, ಸೊನ್ನೆ ಸೊನ್ನೆ, ಸೊನ್ನೆ ಎರಡು,
ನಾಲ್ಕು, ಏಳು, ಹತ್ತು, ಹನ್ನೆರಡು.
ಇಷ್ಟೇ ಅಂಕಗಳು, ಏಳು ಮೆಟ್ಟಿಲು.

‘ಎಂಟು, ಒಂಬತ್ತು?’ ಕೇಳಿದ.
ಇಲ್ಲ.
‘ಏಳರಿಂದ ಹತ್ತಕ್ಕೆ ಒಂದೇ ನೆಗೆತವೇ?’
ಹೌದು.
‘ಮೈನಸ್ ಮೂರು ಬಂದರೆ ಶಾಲೆಗೆ ನಾವು ಬಾಕಿಯೇ?’
ಇದನ್ನು ಅನುವಾದಿಸಿದೆ. ಮೇಡಂ ನಕ್ಕರು,
ಅವನು ನಗಲಿಲ್ಲ. ನಿಜವಾಗಿಯೇ ಕೇಳಿದ್ದ.

ಡೇನಿಷ್ ಭಾಷೆಗೆ ಏಳು. ಒಳ್ಳೆಯದು, ಅಂದರು ಮೇಡಂ,
ಹನ್ನೆರಡರಲ್ಲಿ ಐದು ಕಳೆದುಕೊಂಡಳೆಂದು ಎಣಿಸಬೇಡಿ.
ಗಣಿತಕ್ಕೆ ಸೊನ್ನೆ ಎರಡು.
ನಾನು ಬಾಯಿ ತೆರೆಯುವ ಮೊದಲೇ
ಅವನ ಮುಖ ಅರಳಿತು: ‘ಈ ಸಲವೂ ಎರಡನೆಯವಳೇ!’

ಮೇಜಿನಡಿ ನನ್ನ ಪಾದಕ್ಕೆ ಒಂದು ಬೂಟು ತಗುಲಿತು.
ಮೆತ್ತಗೆ. ಒದ್ದದ್ದಲ್ಲ, ಬೇಡಿದ್ದು.

ನಮ್ಮೂರ ಅಂಕಪಟ್ಟಿಯ ಕೆಳಗೆ ಸ್ಥಾನ ಬರೆಯುತ್ತಿದ್ದರು,
ಅರವತ್ತು ಮಕ್ಕಳಲ್ಲಿ ನೀನು ಎಷ್ಟನೆಯವಳು ಎಂದು.
ನವೆಂಬರಿನಲ್ಲಿ ಹಾಳೆ ಓದಿ ಹೇಳಿದ್ದು ಮಗಳು.
ಕಾಫಿ ಬೀಜ ಹುರಿದು ನೆರೆಯವರನ್ನೆಲ್ಲ ಕರೆದಿದ್ದನಂತೆ,
ಮೂರು ಸುತ್ತು ಬಗ್ಗಿಸಿದ್ದನಂತೆ,
ಅಸ್ಮಾರದ ತಾಯಿಗೆ ಫೋನು ಮಾಡಿ ಅತ್ತಿದ್ದನಂತೆ.

ಹೇಳಿದ್ದನ್ನಷ್ಟೇ ಹೇಳು, ಕೂಡಬೇಡ, ಕಳೆಯಬೇಡ:
ಇದು ನನ್ನ ಕಸುಬಿನ ಮಗ್ಗಿ.
ಹೇಳಿದೆ.
ಸ್ಥಾನವಲ್ಲ ಅಣ್ಣಾ. ಪಾಸಾಗಲು ಸಾಕಾಗುವಷ್ಟು.
ಇದರ ಕೆಳಗಿನದು ಫೇಲು.

ಹೊರಗೆ ಯಾವುದೋ ದೋಣಿ ಕೂಗಿತು.
ಇಂಗೆಲೀಸ ಮೇಡಂ ಭಿನ್ನರಾಶಿಯ ಬಗ್ಗೆ ಮಾತಾಡುತ್ತಲೇ ಇದ್ದರು,
ಮಂಗಳವಾರದ ಹೋಂವರ್ಕ್ ಕೆಫೆಯ ಬಗ್ಗೆ,
ಸಂಕೋಚ ಬಿಟ್ಟು ಕೈಯೆತ್ತಿ ಕೇಳಲಿ ಎಂದು.
ನಾನು ಒಂದೊಂದೇ ದಾಟಿಸಿದೆ.
ಅವನಿಗೆ ಎಷ್ಟು ತಲುಪಿತೋ.

ಆಮೇಲೆ ಜೇಬಿನಿಂದ ಮೀನಿನ ಪೆಟ್ಟಿಗೆಯ ಚೀಟಿ ತೆಗೆದ.
‘ನಿಧಾನವಾಗಿ ಇನ್ನೊಮ್ಮೆ ಹೇಳು, ಕೆಳಗಿನಿಂದ.’
ಏಳೂ ಅಂಕಗಳನ್ನು ಒಂದರ ಕೆಳಗೊಂದು ಬರೆದುಕೊಂಡ,
ಪಕ್ಕದಲ್ಲಿ ನಮ್ಮ ಲಿಪಿಯಲ್ಲಿ ಅರ್ಥ.
ಮೂರನೆಯದಕ್ಕೆ ಪೆನ್ನು ನಿಂತಿತು.
‘ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ,
ನಾಲ್ಕನೆಯ ಕ್ಲಾಸಿಗೇ ಬಿಟ್ಟ ನನಗೂ ಗೊತ್ತು. ಯಾಕಿದು?’

‘ಬರೀ ಎರಡು ಬರೆದರೆ
ಯಾರಾದರೂ ಮುಂದೆ ಒಂದು ಗೀಚಿ
ಹನ್ನೆರಡು ಮಾಡಿಯಾರೆಂದು,’ ಅಂದರು ಮೇಡಂ.
‘ಹಾಗಂತ ಕೇಳಿದ್ದೇನೆ.’

ಆಗ ನಕ್ಕ ನೋಡಿ,
ಮರೆತು ಕೈಗಳೆರಡನ್ನೂ ಮೇಜಿನ ಮೇಲಿಟ್ಟು, ಹೊಟ್ಟೆ ಕುಣಿಸಿ.
ಮಗಳ ಕಡೆ ತಿರುಗಿ ನಮ್ಮ ಮಾತಿನಲ್ಲಿ ಅಂದ:
‘ಕಾಗದ ಕಾಯಲು ಸೊನ್ನೆ ಇಟ್ಟರು, ಪಾಪ.
ನೀನು ಕಾಗದ ಮುಟ್ಟಲಿಲ್ಲ,
ನನ್ನ ಕಿವಿ ತಿದ್ದಿದೆ.’

ಸೆನಾಯ್ತ್ ತೋಳಿನಲ್ಲಿ ಮೂಗು ಒರೆಸಿಕೊಂಡಳು.
ಅವನು ಚೀಟಿಯನ್ನು ಅವಳ ಮುಂದೆ ತಳ್ಳಿ,
ನಾಲ್ಕರ ಮೇಲೆ ಬೆರಳಿಟ್ಟ.
‘ಬೇಸಿಗೆಗೆ ಇದು. ಹನ್ನೆರಡು ಕೇಳಿದೆನೇ?’

‘ಏನಂದರು?’ ಮೇಡಂ ನನ್ನನ್ನು ನೋಡಿದರು.

ಅರ್ಧ ಗಂಟೆ ಮುಗಿದಿತ್ತು, ಫಾರಂಗೆ ಸಹಿ ಬೇಕಿತ್ತು.
‘ಧನ್ಯವಾದ ಅಂದರು’
ಅಂದುಬಿಟ್ಟೆ.