ಹಿಂದಿನ ಎಡಚಕ್ರ

ಒಂದು ಹಳದಿ ಕಾರು, ಅದರ ಹಿಂದೆ
ಹಾವಿನ ಹಾಗೆ ಹೊರಳಿದ ಎರಡು ಗೆರೆ.
ಉಗುರಿಗಿಂತ ಚಿಕ್ಕ ಚಿತ್ರ,
ಮೀಟರಿನ ಗಾಜಿನೊಳಗೆ ಹದಿನೇಳು ದಿನದಿಂದ ಉರಿಯುತ್ತಿದೆ.

ಮೊದಲ ವಾರ ನನ್ನ ಹಣೆಯ ಬೊಟ್ಟು ಕಿತ್ತು
ಅದರ ಮೇಲೆ ಅಂಟಿಸಿದೆ.
ಸ್ಟಿಕ್ಕರಿನ ಅಂಚಿನಿಂದ ಹಳದಿ ಸೋರಿತು,
ಗ್ರಹಣ ಹಿಡಿದ ಸೂರ್ಯನ ಹಾಗೆ.

ಡ್ರೈವಿಂಗ್ ಸ್ಕೂಲಿನ ಕಾರು ಇದು,
ನನ್ನ ಕಾಲಡಿಯೂ ಒಂದು ಬ್ರೇಕು ಉಂಟು.
ಬೆಳಗ್ಗೆ ಆರಕ್ಕೆ ಪಡುಕೆರೆಯ ದಾರಿ:
ಈ ಕಡೆ ಹೊಳೆ, ಆ ಕಡೆ ಕಡಲು,
ನಡುವೆ ಒಂದೂವರೆ ಕಾರಿನಷ್ಟು ರಸ್ತೆ.
ಎದುರಿಂದ ಮೀನಿನ ಟೆಂಪೊ ಬಂದರೆ
ಕಲಿಯುವವರೆಲ್ಲ ಇಳಿಸುವುದು ಮರಳಿಗೇ.

ಬಲೆ ಹೆಣೆಯುವ ಜಲಜಕ್ಕ, ಐವತ್ತೆರಡು ವರ್ಷ,
ದಿನವೂ ಕೇಳುತ್ತಾರೆ:
"ಟೀಚರ್, ಅದು ನನ್ನಿಂದ ಉರಿಯುವುದಾ?"
ಅಲ್ಲ, ಎನ್ನುತ್ತೇನೆ.
ಗೇರು ತಪ್ಪಿದಾಗಲೆಲ್ಲ ಅವರು ಮೊದಲು ನೋಡುವುದು
ನನ್ನ ಮುಖವನ್ನಲ್ಲ, ಆ ಬೊಟ್ಟನ್ನು.

ಶೋರೂಮಿನವರು ತಂಪು ಕೋಣೆಯಲ್ಲಿ ಚಹಾ ಕೊಟ್ಟು
ಮಾಡ್ಯೂಲೇ ಬದಲಿಸಬೇಕು ಎಂದರು, ನಲವತ್ತೆರಡು ಸಾವಿರ.
ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಸಂತೆಕಟ್ಟೆಯ ಸಿಪ್ರಿಯನ್ ಪೊರ್ಬುಗಳು
ಬಾನೆಟ್ಟು ಎತ್ತಲೇ ಇಲ್ಲ.
ಸ್ಟೇರಿಂಗಿನ ಕೆಳಗೆ ಒಂದು ಪುಟ್ಟ ಪೆಟ್ಟಿಗೆ ಚುಚ್ಚಿ
"ಓಡಿಸಿ" ಎಂದರು.
ಪಕ್ಕದಲ್ಲಿ ಕೂತು, ಹುಡುಗ ಅಸ್ಕರನ ಮೊಬೈಲು ಹಿಡಿದು
ಜಪಮಾಲೆಯ ಸ್ವರದಲ್ಲಿ ಓದಿದರು:
ಮುಂದಿನ ಬಲ, ಮೂವತ್ತೊಂದು.
ಮುಂದಿನ ಎಡ, ಮೂವತ್ತೊಂದು.
ಹಿಂದಿನ ಬಲ, ಮೂವತ್ತು.
ಹಿಂದಿನ ಎಡ,
ಸೊನ್ನೆ.

"ನೋಡಿ ಮಾರಾಯ್ರೆ, ಮೂರು ಚಕ್ರ ಹೋಗ್ತಾ ಉಂಟು,
ನಾಲ್ಕನೆಯದು ನಾನು ಮನೆಯಲ್ಲೇ ಇದ್ದೇನೆ ಅಂತದೆ.
ಕಂಪ್ಯೂಟರು ಯಾರನ್ನು ನಂಬುವುದು ಪಾಪ?
ಲೈಟು ಹಾಕಿ ಕೈ ಕಟ್ಟಿ ಕೂತಿದೆ."

ಚಕ್ರ ಬಿಚ್ಚಿದರೆ ಒಳಗೆ ಪಡುಕೆರೆಯೇ ಇತ್ತು:
ಒಂದು ಹಿಡಿ ಮರಳು, ಮರುವಾಯಿ ಚಿಪ್ಪಿನ ಚೂರು,
ಮತ್ತೆ ಒಂದು ನೀಲಿ ನೂಲು, ಬಲೆಯದು,
ಸುತ್ತಿ ಸುತ್ತಿ ಸೆನ್ಸರಿನ ವಯರನ್ನು ಎಳೆದಿತ್ತು.
ಸಡಿಲಾದ ಬಾಯಿಗೆ ಉಪ್ಪು ಹೊಕ್ಕು
ಪಿನ್ನು ಹಸಿರಾಗಿತ್ತು,
ವರ್ಷದಿಂದ ಹುಣಸೆಹುಳಿ ಕಾಣದ ತಾಮ್ರದ ತಂಬಿಗೆಯ ಹಾಗೆ.

ಚಕ್ರ ಎಲ್ಲರ ಜೊತೆಗೇ ತಿರುಗುತ್ತಿತ್ತು ಇಷ್ಟು ದಿನ.
ಅದು ಹೇಳಿದ್ದು ತಲುಪುತ್ತಿರಲಿಲ್ಲ, ಅಷ್ಟೇ.

ಹಳೆಯ ಹಲ್ಲಿನ ಬ್ರಷ್ಷಿನಿಂದ ಉಜ್ಜಿದರು. ಪಿನ್ನು ಹೊಳೆಯಿತು.
ಲೈಟು ಹೋಗಲಿಲ್ಲ.
ಮೊಬೈಲಿನಿಂದ ಅಳಿಸಿದರು. ಹೋಯಿತು, ಗೇಟಿನವರೆಗೆ.
ಅಸ್ಕರ್ ಬೈಕಿನಲ್ಲಿ ಉಡುಪಿಗೆ ಹೋಗಿ ಹೊಸ ಸೆನ್ಸರು ತಂದ,
ಹೆಬ್ಬೆರಳಷ್ಟು ಗಾತ್ರ, ಸಾವಿರದ ಒಂಬೈನೂರು.
ವಯರನ್ನು ಈ ಸಲ ಮರಳಿಗೆ ಎಟುಕದಂತೆ ಕಟ್ಟಿ
ಪೊರ್ಬುಗಳು ಕೈ ಒರೆಸಿಕೊಂಡರು:
"ಈಗ ಹೊಳೆ ದಾಟಿ ಬನ್ನಿ. ನಿಂತಲ್ಲಿ ಹೋಗುವ ಲೈಟಲ್ಲ ಇದು.
ನಾಲ್ಕೂ ಒಂದೇ ಮಾತು ಹೇಳುವುದನ್ನು
ಅದು ಸ್ವಲ್ಪ ದೂರ ಕೇಳಬೇಕು."

ಕಲ್ಯಾಣಪುರದ ಸೇತುವೆಯ ಮೇಲೆ ಮೂರನೇ ಗೇರು.
ಯಾವ ಕಂಬದ ಹತ್ತಿರವೋ ಗೊತ್ತಿಲ್ಲ,
ಒಂದು ಲಾರಿಗೆ ಜಾಗ ಬಿಡುತ್ತಿದ್ದೆ;
ಕಣ್ಣು ಇಳಿಸಿದರೆ ಬೊಟ್ಟಿನ ಸುತ್ತ ಕಪ್ಪು.

ಮರುದಿನ ಬೆಳಗ್ಗೆ ಗಾಜಿನ ಮೇಲೆ
ಅಂಟಿನ ದುಂಡು ಗುರುತು ಮಾತ್ರ.
ಜಲಜಕ್ಕ ಕೀ ತಿರುಗಿಸಿದರು. ಎಲ್ಲ ಲೈಟೂ ಬಂದವು,
ಮೂರು ಸೆಕೆಂಡು, ಎಲ್ಲವೂ ಹೋದವು.
ಅವರು ಗಾಬರಿಯಲ್ಲಿ ಕ್ಲಚ್ಚು ಬಿಟ್ಟರು.
ಕಾರು ಒಮ್ಮೆ ಕೆಮ್ಮಿ ನಿಂತಿತು.
"ಟೀಚರ್, ಅದು ಇಲ್ಲ! ನಾನು ಎಂಥ ಮಾಡಿದೆ?"

ಎಂಥದೂ ಇಲ್ಲ, ಎಂದೆ.
ನನ್ನ ಪರ್ಸಿನಲ್ಲಿ, ಚಿಲ್ಲರೆಯ ಜೊತೆ, ಆ ನೀಲಿ ನೂಲು.
ಯಾರ ಬಲೆಯದೋ. ಪಡುಕೆರೆಯಲ್ಲಿ ಬಲೆಗೆ ಬರವಾ?
"ಫಸ್ಟ್ ಹಾಕಿ. ಮೆಲ್ಲ ಬಿಡಿ."
ದೂರದಲ್ಲಿ ಟೆಂಪೊ ಬರುತ್ತಿತ್ತು.
ನನ್ನ ಕಾಲು ನನ್ನ ಬ್ರೇಕಿನ ಮೇಲೆ.