ಟೊಪ್ಪಿಯ ಗೆರೆ

ಹೊಳೆಬಾಗಿಲಲ್ಲಿ ಹನ್ನೊಂದೂವರೆಯ ಬಿಸಿಲು,
ಫೋಟೋಗೆ ಆಗಿಬರದ ಹೊತ್ತು.
ಲಾಂಚಿನ ಹಗ್ಗ ಬಿಗಿಯುವ ಕೆರಿಯಪ್ಪನವರನ್ನು
ನಿಂತಿದ್ದ ಬಸ್ಸಿನ ನೆರಳಿಗೆ ಕರೆದೆ.
ಹುಡುಗನೊಬ್ಬನ ಕೈಲಿ ಬಿಳಿ ಪಂಚೆ ಹಿಡಿಸಿದೆ,
ಗದ್ದದಡಿಯ ಕತ್ತಲು ತುಸು ಕರಗಲೆಂದು.

ಅವರೋ, ಆಧಾರ್ ಕಾರ್ಡಿಗೆ ನಿಂತ ಹಾಗೆ.
ಉಸಿರೂ ಬಿಡರು.
ಹದಿನೇಳು ತೆಗೆದೆ. ಒಂದರಲ್ಲೂ ಅವರಿಲ್ಲ.

'ಆಯ್ತು, ಸಾಕು' ಅಂದೆ.
ಬಸ್ಸು ಹೊರಟಿತು, ನೆರಳನ್ನೂ ಎಳಕೊಂಡು.
ಕೆರಿಯಪ್ಪ ಟೊಪ್ಪಿ ತೆಗೆದು ಬೆವರೊರೆಸಿದರು.
ಹಣೆಯ ನಡುವೆ ನೇರ ಗೆರೆ:
ಕೆಳಗೆ, ಹಿನ್ನೀರ ಮೇಲಿನ ಇಪ್ಪತ್ತಾರು ವರ್ಷದ ಬಿಸಿಲು;
ಮೇಲೆ,
ಎಳೆಗೂಸಿನ ಬಣ್ಣ.

ಲೆನ್ಸಿನ ಮುಚ್ಚಳ ಹಾಕಿದ್ದ ಕೈ
ಮತ್ತೆ ತೆಗೆಯಿತು.

'ಎಂತಕ್ಕೆ ನಗ್ತೀರಿ ಮಾರಾಯ್ರೆ?'
ಆ ಮಾತು ಅರ್ಧ ಬಾಯಲ್ಲಿರುವಾಗ
ಸಿಕ್ಕ ಚಿತ್ರ ಇದು.